ಒಂದನೇ ತಾರೀಕಿಲ್ಲದ ಕೆಲಸ

ನನ್ನ ಹೆಸರು ಹೊತ್ತು ಅಚ್ಚಾಗುವ ಬರಹಕ್ಕೆ ದುಡ್ಡು ಬರುವುದಿಲ್ಲ, ದುಡ್ಡು ಬರುವ ಬರಹದಲ್ಲಿ ನನ್ನ ಹೆಸರು ಇರುವುದಿಲ್ಲ. ಮೈಸೂರಿನ ಕುವೆಂಪುನಗರದ ಬಾಡಿಗೆ ಮನೆಯಲ್ಲಿ, ಒಂದೇ ಮೇಜಿನ ಮೇಲೆ, ಹೀಗೆ ಇಬ್ಬರು ಬರಹಗಾರ್ತಿಯರು ಸಂಸಾರ ಹೂಡಿದ್ದಾರೆ. ಹೆಸರಿನವಳು ಮಾಸಪತ್ರಿಕೆಗೆ ಕತೆ ಬರೆಯುತ್ತಾಳೆ, ದೀಪಾವಳಿ ವಿಶೇಷಾಂಕಕ್ಕೆ ಪ್ರಬಂಧ ಕಳಿಸುತ್ತಾಳೆ, ಆಗೊಮ್ಮೆ ಈಗೊಮ್ಮೆ ವೇದಿಕೆ ಹತ್ತಿ ಶಾಲು ಹೊದೆಸಿಕೊಂಡು ಬರುತ್ತಾಳೆ. ಹೆಸರಿಲ್ಲದವಳು ಸೀರೆ ಅಂಗಡಿಯ ಜಾಹೀರಾತು, ನಿವೃತ್ತರ ಸನ್ಮಾನ ಪತ್ರ, ಸ್ವಯಂಸೇವಾ ಸಂಸ್ಥೆಗಳ ವಾರ್ಷಿಕ ವರದಿ, ಮಿಕ್ಸಿಯ ಜೊತೆ ಬರುವ ಕೈಪಿಡಿ ಇವನ್ನೆಲ್ಲ ಬರೆದು ಹೆಸರಿನವಳಿಗೆ ಊಟ ಹಾಕುತ್ತಾಳೆ. ಉಣ್ಣುವವಳಿಗೆ ಉಣಿಸುವವಳ ಬಗ್ಗೆ ಕೊಂಚ ತಾತ್ಸಾರ. ಉಣಿಸುವವಳಿಗೆ ಅದನ್ನು ಗಮನಿಸಲು ಪುರುಸೊತ್ತಿಲ್ಲ.

ಬರಹವನ್ನೇ ನಂಬಿ ಬದುಕುವುದು ಹೇಗೆಂದು ತಿಳಿಯಲು ಹಿರಿಯರ ಜೀವನಚರಿತ್ರೆಗಳನ್ನು ಸಾಕಷ್ಟು ತಿರುವಿಹಾಕಿದ್ದೇನೆ. ಸಾಹಿತ್ಯದ ಅಧ್ಯಾಯ ಬಿಟ್ಟು ಉದ್ಯೋಗದ ಅಧ್ಯಾಯವನ್ನಷ್ಟೇ ಓದುತ್ತ ಹೋದರೆ ಗುಟ್ಟು ಬೇಗ ಬಯಲಾಗುತ್ತದೆ. ಮಾಸ್ತಿಯವರು ಮೈಸೂರು ಸಿವಿಲ್ ಸರ್ವಿಸ್‌ನಲ್ಲಿದ್ದರು. ಕುವೆಂಪು ಅಧ್ಯಾಪಕರಾಗಿ ಸೇರಿ ಕುಲಪತಿಗಳಾದರು. ಬೀಚಿಯವರಿಗೆ ಪೊಲೀಸ್ ಇಲಾಖೆಯ ಕೆಲಸವಿತ್ತು, ತೇಜಸ್ವಿಯವರಿಗೆ ಮೂಡಿಗೆರೆಯಲ್ಲಿ ಕಾಫಿ ತೋಟ. ಕನ್ನಡ ಸಾಹಿತ್ಯದ ಮಹಾಪೋಷಕರು ಯಾರೆಂದು ಕ್ವಿಜ್ಜಿನಲ್ಲಿ ಕೇಳಿದರೆ ಜನ ರಾಜಮಹಾರಾಜರ ಹೆಸರು ಹೇಳಿಯಾರು. ನಾನು ಒಂದನೇ ತಾರೀಕು ಎನ್ನುತ್ತೇನೆ. ಆ ಪೋಷಕರು ಕೈಬಿಟ್ಟವರ ಪಾಡೇ ಬೇರೆ. ಗಳಗನಾಥರು ತಮ್ಮ ಪುಸ್ತಕಗಳನ್ನು ತಲೆಯ ಮೇಲೆ ಹೊತ್ತು ಊರೂರು ಅಲೆದು ಮಾರಿದರು. ಕಾರಂತರು ಪಠ್ಯಪುಸ್ತಕದಿಂದ ಹಿಡಿದು ವಿಜ್ಞಾನದ ಸಂಪುಟಗಳವರೆಗೆ ಬರೆದರು. ಅನಕೃ ನೂರಕ್ಕೂ ಹೆಚ್ಚು ಕಾದಂಬರಿ ಬರೆದರು, ಪತ್ತೇದಾರಿ ಕಾದಂಬರಿಯ ಎನ್. ನರಸಿಂಹಯ್ಯನವರು ನೂರರ ಲೆಕ್ಕವನ್ನೇ ಹಿಂದೆ ಹಾಕಿ ನೂರಾರಕ್ಕೆ ಹೋದರು. ಸಾಹಿತ್ಯದ ವಿದ್ಯಾರ್ಥಿಗಳು ಈ ಅಂಕಿಗಳಲ್ಲಿ ಪ್ರತಿಭೆಯನ್ನು ಕಾಣುತ್ತಾರೆ. ಅದರ ಜೊತೆಗೆ ನನಗೆ ಮನೆ ಬಾಡಿಗೆಯೂ ಕಾಣುತ್ತದೆ.

ನನ್ನ ಒಂದನೇ ತಾರೀಕು ಮಾತ್ರ ಸಂಜೆ ಆರಕ್ಕೆ ಸ್ಕೂಟರಿನಲ್ಲಿ ಬರುತ್ತದೆ. ನಮ್ಮ ಮನೆಯವರು ಸಹಕಾರಿ ಬ್ಯಾಂಕಿನ ನೌಕರರು. ಸ್ವತಂತ್ರ ಬರಹಗಾರರಾಗಿ ನೆಲೆ ನಿಲ್ಲುವುದು ಹೇಗೆಂದು ಕೇಳಿಕೊಂಡು ಬರುವ ಹುಡುಗ ಹುಡುಗಿಯರಿಗೆ ಶಿಸ್ತು, ಓದು, ಸಂಪರ್ಕ ಎಂದೆಲ್ಲ ಉಪದೇಶ ಮಾಡುವವರಿದ್ದಾರೆ. ನಾನು ಮೊದಲು ಕೇಳುವುದು, ‘ಮನೇಲಿ ಇನ್ನೊಬ್ಬರಿಗೆ ಸಂಬಳ ಬರುತ್ತೇನಮ್ಮ?’ ಎಂದು. ಬರುವುದಿಲ್ಲ ಎಂದರೆ ಕಾಫಿ ಕೊಟ್ಟು, ಸನ್ಮಾನ ಪತ್ರ ಬರೆಯುವುದನ್ನು ಕಲಿಸುತ್ತೇನೆ.

ಏಕೆಂದರೆ ಈ ಕಸುಬಿನಲ್ಲಿ ಮಳೆಗಾಲದಷ್ಟೇ ಖಚಿತವಾಗಿ, ಕೆಲವು ವರ್ಷ ಮಳೆಗಿಂತ ಖಚಿತವಾಗಿ ಬರುವುದೆಂದರೆ ಮೇ 31. ಇದಕ್ಕೆ ಕಾರಣರಾದ ಹಳೆಯ ಕಾಲದ ಹೆಡ್‌ಮೇಷ್ಟ್ರುಗಳಿಗೆ ಈ ಮೂಲಕ ನಮಸ್ಕಾರ. ಹುಟ್ಟಿದ ದಿನ ತಂದೆತಾಯಿಗೆ ನೆನಪಿಲ್ಲದಿದ್ದರೆ, ಜೂನ್‌ನಲ್ಲಿ ಶಾಲೆ ತೆರೆಯುವ ಹೊತ್ತಿಗೆ ವಯಸ್ಸು ತುಂಬಿರಲಿ ಎಂದು, ಅವರು ಮೇ ತಿಂಗಳ ಯಾವುದೋ ತಾರೀಕನ್ನೋ ಜೂನ್ 1 ಎಂದೋ ದಾಖಲಾತಿ ಪುಸ್ತಕದಲ್ಲಿ ಬರೆದುಬಿಡುತ್ತಿದ್ದರು. ರಾಜ್ಯ ಸರ್ಕಾರಿ ನೌಕರರಿಗೆ 60 ತುಂಬಿದ ತಿಂಗಳ ಕೊನೆಯ ದಿನ ನಿವೃತ್ತಿ, ಒಂದನೇ ತಾರೀಕು ಹುಟ್ಟಿದವರಿಗೆ ಹಿಂದಿನ ತಿಂಗಳ ಕೊನೆಯ ದಿನವೇ. ಹೀಗಾಗಿ ಐವತ್ತು ಚಿಲ್ಲರೆ ವರ್ಷದ ಹಿಂದೆ ಹೆಡ್‌ಮೇಷ್ಟ್ರು ಎಳೆದ ಒಂದು ಗೀಟು ಇವತ್ತು ನನ್ನ ಮನೆಯ ಗ್ಯಾಸ್ ಸಿಲಿಂಡರ್ ತುಂಬಿಸುತ್ತಿದೆ. ಮೇ ಮೂರನೇ ವಾರದಿಂದ ಫೋನು ಶುರು. ‘ಮೇಡಂ, ನಮ್ಮ ಸಾಹೇಬ್ರು ರಿಟೈರ್ ಆಗ್ತಿದಾರೆ. ಒಂದು ಫ್ರೇಮಿಗೆ ಆಗೋಷ್ಟು ಬರ್ಕೊಡಿ. ಸ್ವಲ್ಪ ಭಾರವಾಗಿ ಇರ್ಲಿ.’

ಭಾರವಾಗಿ ಬರೆಯುವುದು ಕಷ್ಟವಲ್ಲ. ಸರಳತೆಯ ಸಾಕಾರಮೂರ್ತಿ, ಅಜಾತಶತ್ರು, ಸ್ನೇಹಜೀವಿ, ದಕ್ಷ ಆಡಳಿತಗಾರ, ಮೃದುಭಾಷಿ ಇವೆಲ್ಲ ಸದಾ ದಾಸ್ತಾನಿನಲ್ಲಿರುತ್ತವೆ. ಕಷ್ಟವಿರುವುದು ಯಾವುದನ್ನು ಯಾರಿಗೆ ಹಾಕಬಾರದು ಎಂಬಲ್ಲಿ. ಒಬ್ಬ ಭೂಮಾಪಕರ ಬೀಳ್ಕೊಡುಗೆಗೆ ಬರೆದುಕೊಟ್ಟಾಗ ಅವರ ಕೈಕೆಳಗಿನ ಗುಮಾಸ್ತರು ಓದಿ, ದನಿ ತಗ್ಗಿಸಿ, ‘ಮೃದುಭಾಷಿ ತೆಗೀರಿ ಮೇಡಂ, ಜನ ನಗ್ತಾರೆ’ ಎಂದರು. ‘ಮತ್ತೇನು ಹಾಕಲಿ?’ ‘ನಿಷ್ಠುರ ಅಂತ ಹಾಕಿ, ಆದ್ರೆ ಒಳ್ಳೇ ಅರ್ಥದಲ್ಲಿ.’ ಹಾಗಾಗಿ ಅವರನ್ನು ‘ನಿಷ್ಠುರ ನುಡಿಯ, ನಿರ್ಮಲ ಹೃದಯದ’ ವ್ಯಕ್ತಿಯಾಗಿಸಿ, ‘ಹೊಲಗದ್ದೆಗಳ ಗಡಿಗಳನ್ನು ನಿಷ್ಪಕ್ಷಪಾತವಾಗಿ ಅಳೆದ ಧೀಮಂತ’ ಎಂದು ಮುಗಿಸಿದೆ. ನನ್ನ ಯಾವ ಕತೆಯ ಯಾವ ಪಾತ್ರಕ್ಕೂ ಅಷ್ಟು ಚೆನ್ನಾದ ವಾಕ್ಯ ಸಿಕ್ಕಿಲ್ಲ.

ಉಳಿದ ತಿಂಗಳುಗಳೂ ತಮ್ಮ ತಮ್ಮ ಪಾಲು ತರುತ್ತವೆ. ವರಮಹಾಲಕ್ಷ್ಮಿಗೆ ಸೀರೆ ಅಂಗಡಿಯವರು, ದಸರೆಗೆ ಸ್ಮರಣ ಸಂಚಿಕೆಯವರು, ಡಿಸೆಂಬರಿನಲ್ಲಿ ಶಾಲಾ ವಾರ್ಷಿಕೋತ್ಸವದ ನಾಟಕದವರು. ನವೆಂಬರಿನಲ್ಲಿ ವರ್ಷವಿಡೀ ಕನ್ನಡದ ತಂಟೆಗೇ ಹೋಗದ ಅಧಿಕಾರಿಗಳಿಗೂ ಭಾಷಣ ಬೇಕು, ಅದರಲ್ಲಿ ಕದಂಬರಿಂದ ಇಂದಿನವರೆಗೆ ಎಲ್ಲರೂ ಬರಬೇಕು, ಐದು ನಿಮಿಷ ಮೀರಬಾರದು. ಮಾರ್ಚ್ ತಿಂಗಳು ಸ್ವಯಂಸೇವಾ ಸಂಸ್ಥೆಗಳದ್ದು. ಹನ್ನೊಂದು ತಿಂಗಳು ಅಲುಗದೆ ಕುಳಿತ ಅನುದಾನ 31ರೊಳಗೆ ಖರ್ಚಾಗಬೇಕಾದ್ದರಿಂದ ‘ಅರ್ಜೆಂಟ್ ಮೇಡಂ, ನಾಳೆ ಬೆಳಿಗ್ಗೆ’ ಎಂದು ನೂರು ಪುಟದ ವರದಿ ಬರುತ್ತದೆ. ಕೇಳಿದ್ದಕ್ಕೆ ಚೌಕಾಸಿ ಮಾಡದ ಏಕೈಕ ತಿಂಗಳು ಅದು. ಏಪ್ರಿಲ್‌ನಲ್ಲಿ ಯಾರೂ ಫೋನ್ ಮಾಡುವುದಿಲ್ಲ. ಹೆಸರಿನವಳು ಆಗ ಕಾದಂಬರಿ ಬರೆಯುತ್ತಾಳೆ. ನನ್ನ ಕಾದಂಬರಿಯಲ್ಲಿ ಸೆಖೆಯ ವರ್ಣನೆ ಅತಿಯಾಯಿತು ಎಂದು ವಿಮರ್ಶಕರೊಬ್ಬರು ಬರೆದಿದ್ದರು. ಪಾಪ, ಅವರಿಗೆ ಕಾರಣ ಗೊತ್ತಿರಲಾರದು.

ಅನುವಾದದ ಕೆಲಸಕ್ಕೆ ಪದದ ಲೆಕ್ಕದಲ್ಲಿ ದರ. ಇದರಲ್ಲೊಂದು ಸಣ್ಣ ಹೂಟವಿದೆ. ಇಂಗ್ಲಿಷಿನಲ್ಲಿ ಬಿಡಿಬಿಡಿಯಾಗಿ ನಿಂತಿದ್ದನ್ನು ನಮ್ಮ ವಿಭಕ್ತಿಗಳು, ಸಂಧಿಗಳು ಒಂದಕ್ಕೊಂದು ಅಂಟಿಸಿ ಒಂದೇ ಪದ ಮಾಡಿಬಿಡುತ್ತವೆ. ಮೂಲದಲ್ಲಿ ಸಾವಿರ ಪದವಿದ್ದದ್ದು ಕನ್ನಡಕ್ಕೆ ಬರುವಷ್ಟರಲ್ಲಿ ಬಹಳಷ್ಟು ಸೊರಗಿರುತ್ತದೆ. ಅನುಭವಸ್ಥರು ಮೂಲದ ಪದ ಎಣಿಸಿ ಹಣ ಕೇಳುತ್ತಾರೆ, ಗಿರಾಕಿಗಳು ಕನ್ನಡದ ಪದ ಎಣಿಸಿ ಕೊಡಲು ಬರುತ್ತಾರೆ. ಕೇಶಿರಾಜನ ವ್ಯಾಕರಣದಿಂದ ಮಾಸಿಕ ವರಮಾನಕ್ಕೆ ಹೊಡೆತ ಬೀಳುತ್ತದೆಂದು ನಮ್ಮ ಮೇಷ್ಟ್ರು ಯಾರೂ ಹೇಳಿಕೊಟ್ಟಿರಲಿಲ್ಲ. ಈಚೆಗೆ ಇನ್ನೊಂದು ಶುರುವಾಗಿದೆ. ಯಂತ್ರಾನುವಾದ ಮಾಡಿದ್ದನ್ನು ಕಳಿಸಿ, ‘ಎಲ್ಲಾ ಆಗಿದೆ ಮೇಡಂ, ಒಂದ್ಸಲ ಕಣ್ಣಾಡಿಸಿಬಿಡಿ’ ಎನ್ನುತ್ತಾರೆ. ದರವೂ ಕಣ್ಣಾಡಿಸುವ ದರವೇ. ಕಣ್ಣಾಡಿಸಿದರೆ ಕಣ್ಣೀರು ಬರುವಂತಿರುತ್ತದೆ. ಹೊಸದಾಗಿ ಬರೆಯುವುದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ.

ಹಾಗೆಂದು ಬರೆಯುವುದು ಈ ವೃತ್ತಿಯ ಮುಖ್ಯ ಭಾಗವೆಂದು ಯಾರೂ ತಿಳಿಯಬಾರದು. ಮುಖ್ಯ ಭಾಗ ವಸೂಲಿ. ಕೆಲವು ಕಡೆ ಚಿಕ್ಕದೊಂದು ಲೇಖನದ ಸಂಭಾವನೆಗೂ ಪ್ಯಾನ್, ಆಧಾರ್, ಪಾಸ್‌ಬುಕ್ಕಿನ ಪ್ರತಿ, ಮೇಲೊಂದು ರದ್ದುಪಡಿಸಿದ ಚೆಕ್ಕಿನ ಹಾಳೆ ಕೊಡಬೇಕು. ನನ್ನ ಚೆಕ್‌ಬುಕ್ಕುಗಳಲ್ಲಿ ದುಡ್ಡು ಕೊಡಲು ಹರಿದ ಹಾಳೆಗಳಿಗಿಂತ, ಎರಡು ಗೀಟೆಳೆದು ‘ಕ್ಯಾನ್ಸಲ್ಡ್’ ಎಂದು ಬರೆದು ಹರಿದವೇ ಜಾಸ್ತಿ. ಇಷ್ಟಾದ ಮೇಲೂ ಹಣ ಬಾರದೆ ಖುದ್ದಾಗಿ ಹೋದರೆ ಲೆಕ್ಕಪತ್ರ ವಿಭಾಗದವರು ಕುರ್ಚಿ ಕೊಟ್ಟು, ಕಾಫಿ ತರಿಸಿ, ಡಿವಿಜಿಯವರ ಕತೆ ಹೇಳುತ್ತಾರೆ. ಡಿವಿಜಿಯವರು ತಾವು ಮಾಡಿದ ಕೆಲಸಕ್ಕೆ ಬಂದ ಚೆಕ್ಕುಗಳನ್ನು ಬ್ಯಾಂಕಿಗೆ ಹಾಕದೆ ಪೆಟ್ಟಿಗೆಯಲ್ಲೇ ಇಟ್ಟಿದ್ದರಂತೆ. ನಾಗರಿಕರು ಅರ್ಪಿಸಿದ ಒಂದು ಲಕ್ಷ ರೂಪಾಯಿಯನ್ನೂ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಗೆ ಕೊಟ್ಟುಬಿಟ್ಟರಂತೆ. ‘ಎಂಥಾ ನಿಸ್ಪೃಹರು ನೋಡಿ ಮೇಡಂ!’ ಹೌದು, ನಿಸ್ಪೃಹರೇ. ಆ ದೊಡ್ಡ ಮನುಷ್ಯರ ಬಗ್ಗೆ ನನಗೆ ಅಪಾರ ಗೌರವ. ಆದರೆ ಬಾಕಿ ಇಟ್ಟುಕೊಂಡವರ ಬಾಯಲ್ಲೇ ಈ ಕತೆ ಯಾಕೆ ಇಷ್ಟು ಭಕ್ತಿಯಿಂದ ಬರುತ್ತದೋ. ಚೆಕ್ಕನ್ನು ಬ್ಯಾಂಕಿಗೆ ಹಾಕದಿರಲು ಅದು ಮೊದಲು ಕೈಗೆ ಬರಬೇಕಲ್ಲ? ಅದೂ ಅಲ್ಲದೆ 2012ರ ಏಪ್ರಿಲ್‌ನಿಂದ ಚೆಕ್ಕಿನ ಆಯಸ್ಸು ಮೂರೇ ತಿಂಗಳು. ಈಗ ನಿಸ್ಪೃಹತೆಗೂ ಗಡುವಿದೆ.

ಮನೆಯಲ್ಲಿ ಕೂತು ಮಾಡುವ ಕೆಲಸವಾದ್ದರಿಂದ ನಮ್ಮ ಬೀದಿಯ ಮಟ್ಟಿಗೆ ನಾನು ಕೆಲಸವಿಲ್ಲದವಳು. ಎದುರುಮನೆಯವರ ಕೊರಿಯರ್, ಪಕ್ಕದವರ ಬೀಗದ ಕೈ, ಮಹಡಿಯವರ ಗ್ಯಾಸ್ ಸಿಲಿಂಡರ್, ಎಲ್ಲವೂ ನನ್ನ ವಶ. ‘ನೀವು ಹೇಗೂ ಮನೇಲೇ ಇರ್ತೀರಲ್ಲ’ ಎನ್ನುವ ಮಾತಿಗೆ ಉತ್ತರವೇ ಇಲ್ಲ, ಇರುವುದು ನಿಜ. ಕತೆಯಲ್ಲಿ ನಾಯಕಿ ರೈಲು ಹತ್ತುವ ಹೊತ್ತಿಗೆ ಸರಿಯಾಗಿ ಮಹಡಿಯ ಆಂಟಿಯ ನೀರಿನ ಮೋಟಾರು ಆರಿಸಲು ಏಳಬೇಕಾಗುತ್ತದೆ. ನನ್ನ ಅತ್ತೆಯವರು ನೆಂಟರಿಗೆ ಪರಿಚಯಿಸುವಾಗ, ‘ನಮ್ಮ ಸೊಸೆ ಮನೇಲೇ ಇರ್ತಾಳೆ, ಪೇಪರ್‌ನಲ್ಲೂ ಬರ್ತಾಳೆ’ ಎನ್ನುತ್ತಾರೆ. ಇಬ್ಬರು ಬರಹಗಾರ್ತಿಯರಿಗೂ ಒಂದೇ ಉಸಿರಿನಲ್ಲಿ ನ್ಯಾಯ ಒದಗಿಸಿದವರು ಅವರೊಬ್ಬರೇ.

ಇನ್ನೊಬ್ಬರಿದ್ದಾರೆ, ಆದಾಯ ತೆರಿಗೆಯವರು. ಹಳೆಯ ತೆರಿಗೆ ಪದ್ಧತಿಯಲ್ಲಿ ಲೇಖಕರ ಪುಸ್ತಕ ರಾಯಲ್ಟಿಗೆ ವರ್ಷಕ್ಕೆ 3 ಲಕ್ಷ ರೂಪಾಯಿವರೆಗೆ ಕಡಿತ ಕೊಡುವ ನಿಯಮವೊಂದನ್ನು ನಮ್ಮ ಮನೆಯವರು ಹುಡುಕಿ ತೆಗೆದರು. ಕೇಳಿ ರೋಮಾಂಚನವಾಯಿತು. ಸಾಹಿತ್ಯ, ಕಲೆ, ವಿಜ್ಞಾನದ ಕೃತಿಯಾಗಿರಬೇಕು, ಸರಿ. ಆದರೆ ಕರಪತ್ರ, ಡೈರಿ, ಗೈಡು, ನಿಯತಕಾಲಿಕೆ, ದಿನಪತ್ರಿಕೆ, ಶಾಲಾ ಪಠ್ಯ ಇತ್ಯಾದಿಗಳು ಪುಸ್ತಕದ ಲೆಕ್ಕಕ್ಕೆ ಬರುವುದಿಲ್ಲವಂತೆ. ಕಾಯ್ದೆ ಬರೆದವರು ನನ್ನ ಅಡುಗೆಮನೆಯ ಡಬ್ಬಿಗಳನ್ನು ತೆರೆದು, ಅಕ್ಕಿ ಬೇಳೆ ಯಾವ ಬರಹದಿಂದ ಬಂದದ್ದೆಂದು ನೋಡಿಯೇ ಪಟ್ಟಿ ಮಾಡಿದ್ದರೆ ಇದಕ್ಕಿಂತ ಕರಾರುವಾಕ್ಕಾಗಿ ಇರುತ್ತಿರಲಿಲ್ಲ. ಅಂತೂ ವಿನಾಯಿತಿ ಪೂರ್ತಿ ಹೆಸರಿನವಳದ್ದು, ತೆರಿಗೆ ಪೂರ್ತಿ ಹೆಸರಿಲ್ಲದವಳದ್ದು. ಹೆಸರಿನವಳ ಆ ವರ್ಷದ ರಾಯಲ್ಟಿಯನ್ನು 3 ಲಕ್ಷದ ಎದುರು ಬರೆದಾಗ ನಮ್ಮ ಮನೆಯವರು ಏನೂ ಅನ್ನಲಿಲ್ಲ, ಕನ್ನಡಕ ತೆಗೆದು ಒರೆಸಿಕೊಂಡರು. ಸೇವಾ ಆದಾಯ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ ಎಂದೂ ಓದಿದರು. ಆ ಸುದ್ದಿಯನ್ನು ಇಬ್ಬರೂ ಸಮಚಿತ್ತದಿಂದ ಕೇಳಿದೆವು.

ಇಷ್ಟರ ನಡುವೆ ಹೆಸರಿನವಳ ಹೊಸ ಕಥಾಸಂಕಲನ ಬಂತು, ಬಿಡುಗಡೆಯೂ ಆಯಿತು. ಸಂಘದವರು ಉದಾರಿಗಳು. ಮೈಸೂರು ಪೇಟ, ಗಂಧದ ಹಾರ, ಶಾಲು, ಹಣ್ಣಿನ ಬುಟ್ಟಿ, ಅದರ ಮೇಲೊಂದು ಗಾಜಿನ ಫ್ರೇಮು. ನಿರೂಪಕರು ಮೈಕಿನ ಮುಂದೆ ನಿಂತು ಸನ್ಮಾನ ಪತ್ರ ಓದತೊಡಗಿದರು. ‘ಸರಳತೆಯ ಸಾಕಾರಮೂರ್ತಿಯಾದ ಶ್ರೀಮತಿಯವರೇ...’ ಸರಿ, ಅದು ಎಲ್ಲರಿಗೂ ಸಲ್ಲುತ್ತದೆ. ‘ನಿಷ್ಠುರ ನುಡಿಯ, ನಿರ್ಮಲ ಹೃದಯದ...’ ಎಲ್ಲೋ ಕೇಳಿದಂತಿದೆಯಲ್ಲ ಎಂದು ನೆಟ್ಟಗೆ ಕುಳಿತೆ. ‘ಕನ್ನಡ ಕಥಾಲೋಕದ ಗಡಿಗಳನ್ನು ನಿಷ್ಪಕ್ಷಪಾತವಾಗಿ ಅಳೆದ ಧೀಮಂತರು!’ ಸಭೆ ಚಪ್ಪಾಳೆ ತಟ್ಟಿತು. ಮುಂದಿನ ಸಾಲಿನಲ್ಲಿ ಕೂತಿದ್ದ ಹಿರಿಯ ವಿಮರ್ಶಕರು ತಲೆದೂಗಿ ಏನನ್ನೋ ಬರೆದುಕೊಂಡರು. ನಿರೂಪಕರು ಉತ್ಸಾಹದಲ್ಲಿ ಕೊನೆಯ ಸಾಲಿಗೆ ಬಂದಿದ್ದರು. ‘ಧರ್ಮಪತ್ನಿ ಹಾಗೂ ಇಬ್ಬರು ಗಂಡುಮಕ್ಕಳೊಂದಿಗಿನ ತಮ್ಮ ನಿವೃತ್ತ ಜೀವನ ಸುಖಮಯವಾಗಿರಲೆಂದು...’ ನಮ್ಮ ಮನೆಯವರು ಹಿಂದಿನ ಸಾಲಿನಲ್ಲಿ ಕರ್ಚೀಫು ಬಾಯಿಗೆ ಒತ್ತಿಕೊಂಡಿದ್ದರು.

ಆಮೇಲೆ ತಿಳಿಯಿತು, ಸಂಘದವರು ಹೋಗಿದ್ದು ಭೂಮಾಪಕರ ಪತ್ರ ಅಚ್ಚು ಹಾಕಿಕೊಟ್ಟಿದ್ದ ಡಿಟಿಪಿ ಅಂಗಡಿಗೇ. ಅಲ್ಲಿನ ಕಂಪ್ಯೂಟರಿನಲ್ಲಿ ಆ ಕಡತ ಹಾಗೇ ಇತ್ತು. ಹೆಸರು ಬದಲಿಸಿ, ಹೊಲಗದ್ದೆ ಇದ್ದಲ್ಲಿ ಕಥಾಲೋಕ ಸೇರಿಸಿ ಕೊಟ್ಟಿದ್ದರು. ‘ನುಡಿ’ ತಂತ್ರಾಂಶದಿಂದ ಯೂನಿಕೋಡಿಗೆ ಬದಲಾಯಿಸುವಾಗ ಅರ್ಕಾವತ್ತು ಕೈಕೊಟ್ಟದ್ದರಿಂದ ಪಾಪದ ಹುಡುಗ ಅದರ ಜಾಗದಲ್ಲಿ ಒಂಬತ್ತು ಒತ್ತಿ, ‘ಕನಾ೯ಟಕ’ ಎಂದು ಅಚ್ಚು ಹಾಕಿದ್ದ. ಅಷ್ಟು ಬಿಟ್ಟರೆ ಪೂರ್ತಿ ನನ್ನದೇ ಗದ್ಯ.

1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹಕ್ಕು ವರ್ಗಾವಣೆ ಬರಹದಲ್ಲೇ ಆಗಬೇಕು, ನಾನು ಭೂಮಾಪಕರ ಕಚೇರಿಗಾಗಲಿ ಡಿಟಿಪಿ ಅಂಗಡಿಗಾಗಲಿ ಅಂಥದ್ದೇನನ್ನೂ ಬರೆದುಕೊಟ್ಟಿರಲಿಲ್ಲ. ಹೆಸರಿಲ್ಲದವಳು ಮರುದಿನವೇ ಮರುಬಳಕೆಯ ಬಾಬ್ತು ಎಂದು ಬಿಲ್ಲು ಮಾಡಿ ಸಂಘದ ಖಜಾಂಚಿಗೆ ಕಳಿಸಿದಳು. ಸಂಜೆ ಫೋನ್ ಬಂತು.

‘ಏನ್ ಮೇಡಂ, ಸನ್ಮಾನ ಮಾಡಿದ್ದು ನಿಮಗೇ, ಬಿಲ್ಲು ಕಳಿಸಿದ್ದೂ ನೀವೇ! ನಮ್ಮ ಡಿವಿಜಿಯವರು ಗೊತ್ತಲ್ಲ, ಅವರು ಒಂದು ಸಲ...’