ಬೋನಾಳ ಕೆರಿಗೆ ಪೇಟಿ ಹೊತ್ತವರು

ನಮ್ಮ ಕಡೆ ಭಜನೆಗೆ ಯೋಜನೆ ಅಂತ ಇರುವುದಿಲ್ಲ. ಅಮಾವಾಸ್ಯೆ ಬಂದರೆ ಮಠದಲ್ಲಿ ಕೂಡುತ್ತಾರೆ, ಯಾರಾದರೂ ತೀರಿಕೊಂಡರೆ ಅಂಗಳದಲ್ಲಿ ಕೂಡುತ್ತಾರೆ. ಕಡಕೋಳ ಮಡಿವಾಳಪ್ಪನವರ ಪದ ಮುಗಿಯುವಷ್ಟರಲ್ಲಿ ಚೆನ್ನೂರ ಜಲಾಲಸಾಹೇಬರದು ಯಾರಿಗೋ ನೆನಪಾಗುತ್ತದೆ, ಅದರ ಬೆನ್ನಿಗೆ ಖೈನೂರ ಕೃಷ್ಣಪ್ಪನವರದು. ಬೆಳಗಾಗುತ್ತದೆ, ಚಹಾ ಬರುತ್ತದೆ, ಏಳುತ್ತಾರೆ.

ವಡಗೇರಾ ಶಹಾಪುರದಿಂದ ಬಿಡಿಸಿಕೊಂಡು ತಾಲ್ಲೂಕಾದ ಮೇಲೆ ನಮ್ಮ ಮಂಡಳಿಗೂ ಸ್ವಲ್ಪ ಗತ್ತು ಬಂತು. ತಾಲ್ಲೂಕಿಗೆ ತಹಶೀಲ್ದಾರರು ಇದ್ದಂತೆ ನಮಗೊಬ್ಬ ಕಾರ್ಯದರ್ಶಿ ಬೇಕು ಎಂದರು. ಆ ಜಾಗಕ್ಕೆ ನಾನು. ನನಗೆ ಹಾಡಲು ಬರುವುದಿಲ್ಲ. ತಾಳ ಕೊಟ್ಟು ನೋಡಿದರು, ಎರಡನೇ ಪದಕ್ಕೇ ಕಸಿದುಕೊಂಡು ಕೈಗೊಂದು ನೋಟ್‌ಬುಕ್ ಕೊಟ್ಟರು. ನೋಟ್‌ಬುಕ್ ಇದ್ದವನು ಏನಾದರೂ ಬರೆಯಲೇಬೇಕಲ್ಲ. 'ಬೇಸಿಗೆಯ ಬೆಳದಿಂಗಳ ತತ್ವಪದ ಕಾರ್ಯಕ್ರಮ, ಬೋನಾಳ ಕೆರೆ' ಎಂದು ಬರೆದೆ. ಕೆಳಗೆ ಎರಡು ಗೆರೆ ಎಳೆದೆ.

ಹಿರಿಯ ಕಾಕಾನಿಗೆ ಸಿಟ್ಟು ಬಂತು. "ಒಂದು ಬಾಜು ಭೀಮಾ, ಒಂದು ಬಾಜು ಕೃಷ್ಣಾ ಇಟಗೊಂಡು ಸುರಪುರ ಸೀಮಿ ಕೆರಿ ಹುಡುಕ್ಕೊಂಡು ಹೊಂಟೀಯೇನಲೇ?"

ನಾನು ಓದಿಕೊಂಡೇ ಹೋಗಿದ್ದೆ. 17ನೇ ಶತಮಾನದಲ್ಲಿ ಸುರಪುರದ ದೊರೆ ಪಾಮನಾಯಕ ಕಟ್ಟಿಸಿದ ಕೆರೆ ಕಾಕಾ, ಮುಂದೆ ಮೆಡೋಸ್ ಟೇಲರ್ ಸಾಹೇಬ ಸುಧಾರಿಸಿದ್ದು, ಸುರಪುರದ ಟೇಲರ್ ಮಂಜಿಲ್ ಕಟ್ಟಿಸಿದವನೂ ಅವನೇ, ನಮ್ಮ ದೇಶದ ವಾದ್ಯಗಳದ್ದೊಂದು ಪಟ್ಟಿ ಕೂಡ ಬರೆದಿದ್ದಾನೆ ಎಂದೆ.

"ಬಾರಿಸತಿದ್ನೇನು?"

"ಅದು ಗೊತ್ತಿಲ್ರಿ. ಪಟ್ಟಿ ಮಾಡ್ಯಾನ."

"ಹಂಗಾರ ಅವನೂ ನಿನ್ನಂಗ ಕಾರ್ಯದರ್ಶಿನೇ."

ಯೋಜನೆ ಪಾಸಾಯಿತು, ಬೆಳದಿಂಗಳು ಮಾತ್ರ ಸಿಗಲಿಲ್ಲ. ದವನದ ಹುಣ್ಣಿಮೆಗೆ ಹನುಮ ಜಯಂತಿ. ಯಾವ ಊರಲ್ಲಿ ಹಣಮಪ್ಪನ ತೊಟ್ಟಿಲು ತೂಗಿದರೂ ಹಾಡಲು ನಮ್ಮವರೇ ಬೇಕು. ಆಗಿ ಹುಣ್ಣಿಮೆಯ ಸುತ್ತ ಮದುವೆಗಳು. ಪೇಟಿ ಮಾಸ್ತರರ ಮನೆಯಲ್ಲೇ ಒಂದು ಇತ್ತು. ಕಾರಹುಣ್ಣಿಮೆ ತನಕ ಕಾದರೆ ಮಳೆ ಹತ್ತುತ್ತದೆ, ಆಮೇಲೆ ಎತ್ತು ಬಿಟ್ಟು ಯಾರೂ ಬರುವುದಿಲ್ಲ. ಕಡೆಗೆ ಒಂದು ಭಾನುವಾರ ನಿಕ್ಕಿಯಾಯಿತು. ಅಂದು ಚಂದ್ರ ಮೂಡುವುದು ನಡುರಾತ್ರಿ ದಾಟಿದ ಮೇಲೆ ಎಂಬುದನ್ನು ಪಂಚಾಂಗ ನೋಡಿ ಹೇಳಿದವರು ಕಾಕಾ. ಕ್ರೂಸರ್ ಹುಡುಗ ರಾತ್ರಿ ಮದುವೆ ಬಾಡಿಗೆ ಹಿಡಿದಿದ್ದರಿಂದ ಬೆಳದಿಂಗಳ ಕಾರ್ಯಕ್ರಮ ಮಧ್ಯಾಹ್ನ ಮೂರಕ್ಕೆ ಬಂದು ನಿಂತಿತು. ನೋಟ್‌ಬುಕ್ಕಿನಲ್ಲಿ ಹೆಸರು ಮಾತ್ರ ತಿದ್ದಲಿಲ್ಲ. ಗೆರೆ ಚೆನ್ನಾಗಿ ಬಂದಿತ್ತು.

ಯಾವ ಪದ ಹಾಡಬೇಕು ಎಂದು ಒಬ್ಬರೂ ಕೇಳಲಿಲ್ಲ. ಸಭೆ ಕರೆದಾಗಲೆಲ್ಲ ಚರ್ಚೆಯಾದದ್ದು ಕಟಕ ರೊಟ್ಟಿ ಎಷ್ಟು, ಶೇಂಗಾ ಹಿಂಡಿ ಯಾರ ಮನೆಯದು, ಪುಂಡಿಪಲ್ಯ ಬಿಸಿಲಿಗೆ ತಡೆಯುತ್ತದೋ ಇಲ್ಲವೋ, ಸುಸಲಾ ಅಲ್ಲಿಯೇ ಕಲಸಬೇಕೋ ಇಲ್ಲಿಂದ ಒಯ್ಯಬೇಕೋ. ಸುಸಲಾದ ವಿಷಯದಲ್ಲಿ ಇಬ್ಬರು ಇವತ್ತಿಗೂ ಮಾತು ಬಿಟ್ಟಿದ್ದಾರೆ.

ಹೊರಡುವ ದಿನ ಕ್ರೂಸರ್ ಒಳಗೆ ರೊಟ್ಟಿ ಬುಟ್ಟಿಗಳು ಕುಳಿತವು. ಪೇಟಿ, ತಬಲಾ, ಮೈಕ್ ಸೆಟ್ಟು ಮೇಲಿನ ಕ್ಯಾರಿಯರ್‌ಗೆ. ಏಪ್ರಿಲ್ ಕೊನೆಯ ಯಾದಗಿರಿ ಬಿಸಿಲು ಏನೆಂದು ಈ ಜಿಲ್ಲೆಯವರಿಗೆ ಹೇಳಬೇಕಾಗಿಲ್ಲ; 42 ಡಿಗ್ರಿ ಇದ್ದರೆ ಇವತ್ತು ಗಾಳಿ ಐತಿ ಅನ್ನುತ್ತೇವೆ. ತಬಲಾದ ಚರ್ಮ ಒಣಗಿದಷ್ಟೂ ಬಿಗಿಯುತ್ತದೆ, ಬಿಗಿದಷ್ಟೂ ಶ್ರುತಿ ಏರುತ್ತದೆ. ಪೇಟಿ ಹಾಗಲ್ಲ, ಅದರ ಸ್ವರ ಇದ್ದಲ್ಲೇ ಇರುತ್ತದೆ. ಮನೆಯಲ್ಲಿ ಕಾಳಿ ಒಂದಕ್ಕೆ ಕೂಡಿಸಿದ್ದ ದಾಯಾ ಕೆರೆ ದಂಡೆಯಲ್ಲಿ ಇಳಿಸುವಾಗ ಕಾಳಿ ಎರಡರ ಬಾಗಿಲು ಬಡಿಯುತ್ತಿತ್ತು. ತಬಲಾ ಬಾರಿಸುವ ಹುಡುಗ ಸುತ್ತಿಗೆ ತೆಗೆದು ಗಟ್ಟಾಗಳನ್ನು ಒಂದೊಂದೇ ಮೇಲಕ್ಕೆ ಬಡಿದು ಚರ್ಮ ಸಡಿಲಿಸಿದ. ಅಷ್ಟರಲ್ಲಿ ಕೆರೆಯ ಕಡೆಯಿಂದ ಗಾಳಿ ಬೀಸಿತು, ಶ್ರುತಿ ಇಳಿಯಿತು, ಗಟ್ಟಾ ಕೆಳಕ್ಕೆ ಬಡಿದ. ಗಾಳಿ ನಿಂತಿತು, ಮತ್ತೆ ಮೇಲಕ್ಕೆ. ಮಾಸ್ತರರು ಒಂದೇ ಮನೆ ಒತ್ತಿ ಹಿಡಿದು ಕಣ್ಣು ಮುಚ್ಚಿ ಕುಳಿತಿದ್ದರು. ಧ್ಯಾನ ಅಂದುಕೊಂಡೆ, ನಿದ್ದೆ ಹತ್ತಿತ್ತು.

ನಾನು ಮೈಕ್ ಹಿಡಿದೆ. ಎರಡು ಪುಟದ ಸ್ವಾಗತ ಭಾಷಣ ಬರೆದುಕೊಂಡಿದ್ದೆ. 2009ರ ಡಿಸೆಂಬರ್ 30ಕ್ಕೆ ಯಾದಗಿರಿ ಜಿಲ್ಲೆಯಾದದ್ದರಿಂದಲೇ ಶುರು. "ಹಲೋ, ಹಲೋ, ಮೈಕ್ ಟೆಸ್ಟಿಂಗ್" ಅಂದದ್ದಷ್ಟೆ, ನೀರಂಚಿನ ಕೊಕ್ಕರೆಗಳು ಒಟ್ಟಿಗೇ ಎದ್ದು ಆಚೆ ದಂಡೆಗೆ ಹೋದವು. ಜಾಲಿ ನೆರಳಲ್ಲಿ ಮಲಗಿದ್ದ ಕುರಿ ಕಾಯುವ ಅಜ್ಜ ಎದ್ದು ಬಂದ.

"ಎಲ್ಲಿಂದ ಬಂದೀರಿ?"

"ವಡಗೇರಾರಿ ಯಜ್ಜಾ. ಭಜನಿ ಮಂಡಳಿ."

"ಇದು ಪಕ್ಷಿಧಾಮ ಅಂತ ಗೊತ್ತೈತಿಲ್ರಿ?"

ಗೊತ್ತಿತ್ತು. ನೋಟ್‌ಬುಕ್ಕಿನಲ್ಲೇ ಬರೆದಿದ್ದೆ, 'ಪ್ರೇಕ್ಷಣೀಯ ಸ್ಥಳ' ಎಂಬ ಶೀರ್ಷಿಕೆಯ ಕೆಳಗೆ. ಧ್ವನಿವರ್ಧಕ ಹಚ್ಚುವವರು ಮೊದಲು ಲಿಖಿತ ಅನುಮತಿ ಪಡೆಯಬೇಕು ಎಂಬ ನಿಯಮ 2000ನೇ ಇಸವಿಯಿಂದಲೂ ಇದೆ; ಅದು ಮಾತ್ರ ಯಾವ ಪುಟದಲ್ಲೂ ಇರಲಿಲ್ಲ. ಮೈಕ್ ಬಂದ್ ಮಾಡಿದೆವು. ನಮ್ಮಲ್ಲಿ ಕೆಲವರ ಮುಖದ ಮೇಲೆ ಕಂಡ ಸಮಾಧಾನ ಭಾಷಣ ತಪ್ಪಿದ್ದಕ್ಕೆ ಎಂದು ನನಗೆ ಅನುಮಾನವಿದೆ.

ಆಮೇಲೆ ಊಟವಾಯಿತು. ಅದು ಯೋಜನೆಯಂತೆಯೇ ನಡೆಯಿತು, ಅಜ್ಜನೂ ನಾಲ್ಕು ರೊಟ್ಟಿ ತಿಂದ. ಹಾಡು ಶುರುವಾಗುವ ಹೊತ್ತಿಗೆ ಕ್ರೂಸರ್ ಹುಡುಗ ಹಾರ್ನ್ ಹೊಡೆದ. ಒಂದು ಪದದ ಪಲ್ಲವಿ ಆಯಿತು, ನುಡಿ ಉಳಿಯಿತು. ಉಳಿದದ್ದನ್ನು ವಾಪಸು ಬರುವಾಗ ಗಾಡಿಯೊಳಗೆ ಬುಟ್ಟಿ ಬಡಿದುಕೊಂಡು ಹಾಡಿದರು. ಶಹಾಪುರ ದಾಟುವ ತನಕ ನಿಲ್ಲಿಸಲಿಲ್ಲ. ನಿಜ ಹೇಳಬೇಕೆಂದರೆ ಬುಟ್ಟಿಯ ಶ್ರುತಿ ತಬಲಾಕ್ಕಿಂತ ನೆಟ್ಟಗಿತ್ತು. ನನಗೆ ಬುಟ್ಟಿ ಕೊಡಲಿಲ್ಲ.

ಬೋನಾಳಕ್ಕೆ ಹೋಗುವವರು ಚಳಿಗಾಲದಲ್ಲಿ ಹೋಗಿ. ದೂರದೇಶದ ಹಕ್ಕಿಗಳು ಬರುವುದು ಆಗ. ದಂಡೆಯ ಜಾಲಿ ಗಿಡದ ಬುಡದಲ್ಲಿ ಹಿತ್ತಾಳೆಯ ಸಣ್ಣ ಸುತ್ತಿಗೆಯೊಂದು ಕಂಡರೆ ಅದು ನಮ್ಮದು. ವಡಗೇರಾ ಕಡೆ ಬರುವವರ ಕೈಯಲ್ಲಿ ದಯವಿಟ್ಟು ಕಳಿಸಿಕೊಡಿ. ನನ್ನ ಕೈಗೆ ಮಾತ್ರ ಕೊಡಬಾರದು ಎಂದು ಮಂಡಳಿಯಲ್ಲಿ ಠರಾವು ಆಗಿದೆ.