ಕೈಗೆಟಕುವ ಪಥ್ಯ

ನಮ್ಮಲ್ಲಿ ಪಥ್ಯದ ಉಪದೇಶಕ್ಕೆ ಎಂದೂ ಬರಗಾಲವಿಲ್ಲ. ಬಿ.ಪಿ. ಇದೆಯೆಂದು ಬಾಯಿ ತಪ್ಪಿ ಹೇಳಿದರೆ ಸಾಕು, ಬಸ್ಸಿನಲ್ಲಿ ಪಕ್ಕ ಕೂತವರೂ ‘ಉಪ್ಪು ಬಿಟ್ಟುಬಿಡಿ’ ಅನ್ನುತ್ತಾರೆ. ಅಂದವರ ಕೈಯಲ್ಲಿ ಕಾಂಗ್ರೆಸ್ ಕಡಲೆಬೀಜದ ಪೊಟ್ಟಣವಿರುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿಯೂ ದಿನಕ್ಕೆ 5 ಗ್ರಾಂ ಉಪ್ಪು, ಅಂದರೆ ಸುಮಾರು ಒಂದು ಟೀ ಚಮಚ, ಸಾಕೆನ್ನುತ್ತದೆ. ತರಕಾರಿ ಮಾತ್ರ 400 ಗ್ರಾಂ ಬೇಕಂತೆ. ಸಾರಿನಲ್ಲಿ ಒಂಟಿಯಾಗಿ ಈಜುತ್ತಿರುವ ನುಗ್ಗೇಕಾಯಿ ತುಂಡು ಈ ಲೆಕ್ಕ ಕೇಳಿದರೆ ಎದೆಯೊಡೆದುಕೊಂಡೀತು. ತಿಳಿವಳಿಕೆಗೇನೂ ಕೊರತೆಯಿಲ್ಲ. ಆದರೆ ಉಪ್ಪಿನಕಾಯಿ ಜಾಡಿ ಊಟದ ಮೇಜಿನ ಮೇಲಿದೆ, ಸೌತೆಕಾಯಿ ಫ್ರಿಜ್ಜಿನ ತಳದಲ್ಲಿ ಅಡಗಿದೆ. ಹಸಿದವರು ಬಗ್ಗಿ ಹುಡುಕುವುದಿಲ್ಲ. ಆದ್ದರಿಂದ ಊಟ ಸುಧಾರಿಸಬೇಕೆಂದರೆ ಬುದ್ಧಿ ಹೇಳುವುದಕ್ಕಿಂತ ಡಬ್ಬಿಗಳ ಜಾಗ ಬದಲಿಸುವುದೇ ಮೇಲು ಎಂಬುದು ನನ್ನ ವಾದ.

ಬ್ರಿಟನ್ನಿನಲ್ಲಿ ಸರಕಾರ ಬ್ರೆಡ್ಡು ಮುಂತಾದ ಸಿದ್ಧ ತಿನಿಸು ತಯಾರಿಸುವವರ ಜತೆ ಕೂತು ಉಪ್ಪನ್ನು ಚಿಟಿಕೆ ಚಿಟಿಕೆಯಾಗಿ ಇಳಿಸಿತು. 2001ರಲ್ಲಿ ಒಬ್ಬರಿಗೆ ದಿನಕ್ಕೆ 9.5 ಗ್ರಾಂ ಇದ್ದದ್ದು 2011ಕ್ಕೆ 8.1 ಗ್ರಾಂಗೆ ಬಂತು. ಉಪ್ಪು ಮೆಲ್ಲಗೆ ಇಳಿದರೆ ನಾಲಿಗೆಯೂ ಅದರ ಜತೆಗೇ ಪಳಗುತ್ತದೆ. ನಮ್ಮಲ್ಲೂ 2022ರಿಂದ ಎಣ್ಣೆ, ವನಸ್ಪತಿಗಳಲ್ಲಿ ಟ್ರಾನ್ಸ್ ಕೊಬ್ಬು ಶೇ. 2ನ್ನು ಮೀರಬಾರದೆಂಬ ನಿಯಮವಿದೆ. ಬೇಕರಿಯ ಮುಂದೆ ನಿಂತು ಪಫ್ಸ್ ತಿನ್ನುವ ಎಷ್ಟು ಜನಕ್ಕೆ ಅದು ಗೊತ್ತು? ಇನ್ನು ನಮ್ಮ ಬಾಳೆಲೆಯನ್ನೇ ನೋಡಿ. ಕೋಸಂಬರಿ, ಪಲ್ಯ ಮೊದಲೇ ಬಂದು ಕೂತಿರುತ್ತವೆ. ಪಂಕ್ತಿಯ ಆ ತುದಿಯಿಂದ ಅನ್ನದ ಪಾತ್ರೆ ಬರುವಷ್ಟರಲ್ಲಿ, ಕಾಯಲಾರದ ಬೆರಳುಗಳು ಹೆಸರುಬೇಳೆ, ಸೌತೆಕಾಯಿಯನ್ನು ಅರ್ಧ ಮುಗಿಸಿರುತ್ತವೆ. ಯಾರ ಭಾಷಣವೂ ಇಲ್ಲದೆ ತರಕಾರಿ ಹೊಟ್ಟೆ ಸೇರಿತು!

ಹಾಗಾದರೆ ಅದೇ ಪಂಕ್ತಿಯಲ್ಲಿ ‘ಇನ್ನೊಂದೇ ಹೋಳಿಗೆ’ ಎಂದು ಎಲೆಗೆ ಅಡ್ಡ ಹಿಡಿದ ಕೈ ಸರಿಸಿ ಬಡಿಸುವುದಿಲ್ಲವೇ ಎಂದು ನೀವು ಕೇಳಬಹುದು. ಬಡಿಸುತ್ತಾರೆ. ಅದರಿಂದ ನನ್ನ ವಾದಕ್ಕೇ ಬಲ ಬಂತು: ಎದುರಿಗೆ ಬಂದದ್ದನ್ನು ಮನುಷ್ಯ ಉಣ್ಣುತ್ತಾನೆ. ಹೀಗೆ ಗೊತ್ತಾಗದಂತೆ ತಿನ್ನಿಸುವುದು ಮೋಸ, ತಿನ್ನುವವರ ಸ್ವಾತಂತ್ರ್ಯ ಏನಾಯಿತು ಎಂಬುದು ಇನ್ನೊಂದು ತಕರಾರು. ಸೂಪರ್ ಮಾರ್ಕೆಟ್ಟಿನ ಬಿಲ್ ಕೌಂಟರಿನ ಪಕ್ಕ, ಸರಿಯಾಗಿ ಮಗುವಿನ ಕಣ್ಣಿನ ಎತ್ತರಕ್ಕೆ ಚಾಕೊಲೇಟು ತಾನಾಗಿ ನಡೆದು ಬಂದು ಕೂತಿಲ್ಲ. ಜಾಗ ಗೊತ್ತುಮಾಡುವವರು ಎಲ್ಲೆಲ್ಲೂ ಇದ್ದಾರೆ. ಆ ಕೆಲಸವನ್ನು ನಮ್ಮ ಆರೋಗ್ಯ ಬಯಸುವವರೂ ಮಾಡಲಿ ಎಂದಷ್ಟೇ ನನ್ನ ಮಾತು. ಕೊಳ್ಳುವ ಶಕ್ತಿಯೇ ಇಲ್ಲದವರಿಗೆ ಆಯ್ಕೆ ಎಲ್ಲಿದೆ ಎಂಬ ಪ್ರಶ್ನೆ ಮಾತ್ರ ನಿಜಕ್ಕೂ ತೂಕದ್ದು. ಅದಕ್ಕೆ ಡಬ್ಬಿ ಸರಿಸಿದರೆ ಸಾಲದು, ಕೊಡಬೇಕು. ಶಾಲೆಯ ಮಕ್ಕಳಿಗೆ ಬಿಸಿಯೂಟದ ಜತೆ ಮೊಟ್ಟೆ, ಬಾಳೆಹಣ್ಣು ಸಿಕ್ಕಿದ್ದು ಪೌಷ್ಟಿಕತೆಯ ಪಾಠ ಓದಿದ್ದರಿಂದ ಅಲ್ಲ, ಯಾರೋ ಅವನ್ನು ತಂದು ಕೊಟ್ಟಿದ್ದರಿಂದ.

ಆದ್ದರಿಂದ ಮನೆಯ ಯಜಮಾನರೇ, ಯಜಮಾನಿಯರೇ, ಉಪದೇಶಕ್ಕೆ ಸ್ವಲ್ಪ ರಜೆ ಕೊಡಿ. ಹೆಚ್ಚಿದ ಪಪಾಯಿಯನ್ನು ಟಿವಿಯ ಮುಂದಿಡಿ, ಚಕ್ಕುಲಿ ಡಬ್ಬವನ್ನು ಅಟ್ಟಕ್ಕೇರಿಸಿ. ಬೇಕಾದವರು ಏಣಿ ಹಾಕಿಕೊಂಡು ಹತ್ತಲಿ, ಅಷ್ಟಾದರೂ ವ್ಯಾಯಾಮವಾದೀತು.