ಟೀಕೆ: ಬಳಕೆದಾರರ ಕೈಪಿಡಿ

ಅಭಿನಂದನೆಗಳು! ನೀವೀಗ ಹೊಚ್ಚಹೊಸ ಟೀಕೆಯೊಂದರ ಮಾಲೀಕರು. ಇದನ್ನು ನೀವು ಆರ್ಡರ್ ಮಾಡಿರಲಿಲ್ಲ ಎಂಬುದು ನಮಗೆ ಗೊತ್ತು, ಯಾರೂ ಮಾಡುವುದಿಲ್ಲ. ಡೆಲಿವರಿ ಉಚಿತ. ವಾಪಸಾತಿ ಇಲ್ಲ.

ಬಿಸಿ ಇರುವಾಗ ಪೆಟ್ಟಿಗೆ ತೆರೆಯಬೇಡಿ. ಒಂದು ರಾತ್ರಿ ಹಾಗೇ ಬಿಡಿ. ಮಧ್ಯರಾತ್ರಿ ವಾಟ್ಸಾಪಿನಲ್ಲಿ ಪ್ರತ್ಯುತ್ತರ ಟೈಪಿಸಿದರೆ ವಾರಂಟಿ ಅಲ್ಲಿಗೇ ರದ್ದು.

ಮಾದರಿ ಗುರುತಿಸುವ ಬಗೆ

ಟೀಕೆಯಲ್ಲಿ ಎರಡು ಮಾದರಿಗಳಿವೆ. ಚುಚ್ಚುವ ಜಾಗ ಎರಡರದ್ದೂ ಒಂದೇ ಆದ್ದರಿಂದ ಗುರುತಿಸುವುದು ಕಷ್ಟ. ಒಂದೊಂದಕ್ಕೂ ಒಂದು ಉದಾಹರಣೆ ನೋಡಿ.

1922ರಲ್ಲೇ ‘ಬಿಗಿನರ್ಸ್ ಮ್ಯೂಸ್’ ಎಂಬ ಇಂಗ್ಲಿಷ್ ಕವನಗಳ ಪುಸ್ತಕ ತಂದಿದ್ದ ತರುಣ ಕುವೆಂಪು, 1924ರಲ್ಲಿ ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರಿಗೆ ತಮ್ಮ ಕವಿತೆಗಳನ್ನು ತೋರಿಸಿದರು. ಕಸಿನ್ಸ್ ಕೇಳಿದ್ದು, ನಿಮ್ಮ ಭಾಷೆಯಲ್ಲೇ ಯಾಕೆ ಬರೆಯಬಾರದು ಎಂದು. ಹೊಗಳಿಕೆಯ ಆಸೆಯಿಂದ ಹೋದವರಿಗೆ ಆ ಮಾತು ರುಚಿಸಲಿಲ್ಲ. ಆದರೂ ಅದು ಒಳಗೆ ಇಳಿಯಿತು. ಕನ್ನಡದಲ್ಲಿ ‘ಶ್ರೀ ರಾಮಾಯಣ ದರ್ಶನಂ’ ಬಂತು, 1967ರ ಜ್ಞಾನಪೀಠವೂ ಬಂತು.

ಮೈಸೂರಿನವರೇ ಆದ ಆರ್.ಕೆ. ಲಕ್ಷ್ಮಣ್ ಮುಂಬೈಯ ಜೆ.ಜೆ. ಕಲಾಶಾಲೆಗೆ ಅರ್ಜಿ ಹಾಕಿದರು. ನಮ್ಮಲ್ಲಿ ಸೇರುವಷ್ಟು ಪ್ರತಿಭೆ ನಿಮ್ಮ ಚಿತ್ರಗಳಲ್ಲಿಲ್ಲ ಎಂದು ಡೀನ್ ಸಾಹೇಬರ ಪತ್ರ ಬಂತು. ಲಕ್ಷ್ಮಣ್ ಚಿತ್ರ ಬರೆಯುತ್ತಲೇ ಹೋದರು. ಆಮೇಲೆ ಅದೇ ಮುಂಬೈಯಲ್ಲಿ ಕುಳಿತು, ತಮ್ಮ ವ್ಯಂಗ್ಯಚಿತ್ರಗಳ ಚೌಕಳಿ ಕೋಟಿನ ‘ಶ್ರೀಸಾಮಾನ್ಯ’ನನ್ನು ದಶಕಗಳ ಕಾಲ ದೇಶದ ಮುಂದೆ ನಿಲ್ಲಿಸಿದರು.

ಕುವೆಂಪು ಮಾತು ಕೇಳಿದರು, ಲಕ್ಷ್ಮಣ್ ಕೇಳಲಿಲ್ಲ. ಇಬ್ಬರೂ ಮಾಡಿದ್ದು ಸರಿಯೇ. ಏಕೆಂದರೆ ಕಸಿನ್ಸ್ ಮಾತಿನ ಜೊತೆಗೆ ಮರುದಿನಕ್ಕೊಂದು ಕೆಲಸವೂ ಬಂದಿತ್ತು. ಡೀನ್ ಪತ್ರದ ಜೊತೆಗೆ ಮುಚ್ಚಿದ ಬಾಗಿಲೊಂದೇ ಬಂದಿತ್ತು. ನಿಮಗೆ ಬಂದ ಟೀಕೆಯಲ್ಲೂ ನಾಳೆ ಬೆಳಿಗ್ಗೆ ಮಾಡುವಂಥದ್ದು ಏನಾದರೂ ಇದೆಯೇ, ಹುಡುಕಿ. ಇದ್ದರೆ ಅದನ್ನು ತೆಗೆದುಕೊಂಡು ಉಳಿದದ್ದನ್ನು ರದ್ದಿಗೆ ಹಾಕಿ. ಇಲ್ಲದಿದ್ದರೆ ಪೆಟ್ಟಿಗೆ ಸಮೇತ ರದ್ದಿಗೆ.

ದೋಷ ನಿವಾರಣೆ

ಹತ್ತು ಜನ ಹೊಗಳಿದ್ದು ಮರೆತುಹೋಗಿ ಒಬ್ಬರು ಆಡಿದ್ದೇ ಕಿವಿಯಲ್ಲಿ ಕೂತಿದೆಯೇ? ಗಾಬರಿ ಬೇಡ, ಎಲ್ಲರ ಯಂತ್ರವೂ ಹಾಗೇ ತಯಾರಾಗಿದೆ. ಹೊಗಳಿಕೆಯಿಂದ ಚಾರ್ಜ್ ಮಾಡಲು ಮಾತ್ರ ಹೋಗಬೇಡಿ. ಆ ಚಾರ್ಜರ್ ಸದಾ ಇನ್ನೊಬ್ಬರ ಮನೆಯಲ್ಲಿರುತ್ತದೆ.

ಮದುವೆಮನೆಯಲ್ಲಿ ಒಬ್ಬ ಅತ್ತೆ “ಎಷ್ಟು ಸೊರಗಿದ್ದೀಯೇ” ಎಂದು, ಇನ್ನೊಬ್ಬರು “ಊದಿಕೊಂಡಿದ್ದೀಯಲ್ಲೇ” ಎಂದರೆ, ಇಬ್ಬರನ್ನೂ ಒಂದೇ ಪಂಕ್ತಿಯಲ್ಲಿ ಅಕ್ಕಪಕ್ಕ ಕೂರಿಸಿ. ಹೋಳಿಗೆ ಬರುವಷ್ಟರಲ್ಲಿ ಅವರೇ ಇತ್ಯರ್ಥ ಮಾಡಿಕೊಳ್ಳುತ್ತಾರೆ.

“ನಾಲ್ಕು ಜನ ಏನಂದಾರು?” ಎಂಬ ಕರಕರ ಶಬ್ದ ಒಳಗಿನಿಂದ ಬರುತ್ತಿದ್ದರೆ, ಆ ನಾಲ್ವರ ಹೆಸರನ್ನು ಒಂದು ಹಾಳೆಯ ಮೇಲೆ ಬರೆಯಿರಿ. ಸಾಮಾನ್ಯವಾಗಿ ಎರಡನೆಯ ಹೆಸರಿಗೇ ಪೆನ್ನು ನಿಲ್ಲುತ್ತದೆ.

ನಿಂದಕರೂ ಬೇಕು ಎಂದ ಪುರಂದರದಾಸರು ಅವರನ್ನು ಹೋಲಿಸಿದ್ದು ಕೇರಿ ಚೊಕ್ಕಟ ಮಾಡುವ ಹಂದಿಗೆ. ಕೃತಜ್ಞತೆ ಮತ್ತು ಸೇಡು ಎರಡನ್ನೂ ಒಂದೇ ಏಟಿಗೆ ಮುಗಿಸಿದ ಇಂಥ ಜಾಣತನ ನಮ್ಮ ಕೈಪಿಡಿಗೂ ದಕ್ಕಿಲ್ಲ.

ತಯಾರಕರಿಗೆ ಸೂಚನೆ

ತಯಾರಕರೆಂದರೆ ನೀವೇ. ಮಗಳ ಅಂಕಪಟ್ಟಿಗೆ, ಹೆಂಡತಿಯ ಸಾರಿಗೆ, ಗಂಡನ ಡ್ರೈವಿಂಗಿಗೆ ನಿಮ್ಮ ಕಾರ್ಖಾನೆಯಿಂದ ದಿನವೂ ಮಾಲು ಹೋಗುತ್ತಲೇ ಇರುತ್ತದೆ. ಮುಂದಿನ ಸಲ ಪೆಟ್ಟಿಗೆ ಕಟ್ಟುವಾಗ, ಎದುರಿನವರು ಮಾರನೆಯ ದಿನ ಮಾಡಬಹುದಾದ ಒಂದು ಕೆಲಸವನ್ನೂ ಒಳಗಿಡಿ. ಅಂಥದ್ದೇನೂ ಹೊಳೆಯದಿದ್ದರೆ ದಯವಿಟ್ಟು ಮಾಲು ಕಳಿಸಬೇಡಿ.